ಒಡೆದ ಹಿಮ್ಮಡಿಗೆ ಪುನರ್ಪುಳಿ ತುಪ್ಪ: ನಾಲ್ಕನೆಯ ವರ್ಷ ಕೈಹಿಡಿದ ವಿಧಾನ

ಹಿಮ್ಮಡಿ ಒಡೆದರೆ ಪುನರ್ಪುಳಿ (ಮುರುಗಲು, ಅಂದರೆ ಕೋಕಂ) ಬೀಜದ ತುಪ್ಪ ಹಚ್ಚಬೇಕೆಂಬುದು ನಮ್ಮ ಕಡೆ ಯಾರಿಗೂ ಹೊಸ ಮಾತಲ್ಲ. ಅದನ್ನು ಉಡುಪಿ ಜಿಲ್ಲೆಯ ಹೆಬ್ರಿಯ ನಮ್ಮ ಮನೆಯ ಒಲೆಯಲ್ಲಿಯೇ, ವರ್ಷವಿಡೀ ಕೆಡದಂತೆ ತಯಾರಿಸುತ್ತೇನೆಂದು ಹೇಳಿದಾಗ ಮಾತ್ರ ನಂಬಿದವರಿರಲಿಲ್ಲ. "ಮುರುಗಲ ತುಪ್ಪ ಅಂಗಡಿಯಲ್ಲಿಯೇ ಸಿಗುತ್ತದಲ್ಲ ಮಾರಾಯ್ರೇ, ನಿಮಗ್ಯಾಕೆ ಈ ರಗಳೆ?" ಎಂದು ನನ್ನ ಭಾವ ಪ್ರತಿವರ್ಷವೂ ಕೇಳುತ್ತಿದ್ದರು. ಕಳೆದ ಡಿಸೆಂಬರಿನಲ್ಲಿ ಅವರ ಹಿಮ್ಮಡಿಯ ಬಿರುಕುಗಳೇ ನನ್ನ ತುಪ್ಪದಿಂದ 12 ದಿನಗಳೊಳಗೆ ಕೂಡಿಕೊಂಡ ಮೇಲೆ ಆ ಪ್ರಶ್ನೆ ನಿಂತಿದೆ.

ಮೊದಲ ವರ್ಷ ಶರಬತ್ತು ಮಾಡುವವರೊಬ್ಬರಿಂದ ಕಿಲೋಗೆ 50 ರೂಪಾಯಿಯಂತೆ ಸುಮಾರು 10 ಕಿಲೋ ಬೀಜ ತಂದು, ಲೋಳೆಯನ್ನು ಸರಿಯಾಗಿ ತೊಳೆಯದೆ ಅಂಗಳದಲ್ಲಿ ಹರವಿದ್ದೆ. ಮೇ ಕೊನೆಯ ಮಳೆ ಬಿದ್ದ ಮೂರನೆಯ ದಿನಕ್ಕೆ ಎಲ್ಲವೂ ಬೂಷ್ಟು ಹಿಡಿಯಿತು. ಎರಡನೆಯ ವರ್ಷ ಸಿಪ್ಪೆ ಬಿಡಿಸದೆ ಮಿಕ್ಸಿಗೆ ಹಾಕಿ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಜೋರು ಬೆಂಕಿಯ ಮೇಲೆ ಕುದಿಸಿದೆ. ಬೀಜದಲ್ಲಿ ಉಳಿದಿದ್ದ ಹುಳಿಗೆ ಪಾತ್ರೆ ಕಪ್ಪಾಯಿತು, ತುಪ್ಪವು ನೀರಿನೊಂದಿಗೆ ಬೆರೆತು ಹಾಲಿನಂತಾಗಿ ಬೇರ್ಪಡಲೇ ಇಲ್ಲ. 10 ಕಿಲೋಗೆ ದಕ್ಕಿದ್ದು ಅರ್ಧ ಕಿಲೋಗಿಂತಲೂ ಕಡಿಮೆ. ಆದರೆ ನನಗೆ ಹೆಚ್ಚು ನೋವಾದದ್ದು ಮೂರನೆಯ ವರ್ಷ. ತುಪ್ಪ ಚೆನ್ನಾಗಿಯೇ ಬಂದಿತ್ತು, ಸುಮಾರು 20 ಮನೆಗಳಿಗೆ ಹಂಚಿಯೂ ಆಗಿತ್ತು; ಒಳಗೆ ನೀರಿನ ಅಂಶ ಉಳಿದಿದ್ದುದರಿಂದ ಆಟಿ ತಿಂಗಳಿಗೆ (ಜುಲೈ-ಆಗಸ್ಟ್ ಮಳೆಗಾಲಕ್ಕೆ) ಮುಗ್ಗಲು ವಾಸನೆ ಬಂದು, ಮನೆಮನೆಗೆ ಹೋಗಿ ಹಿಂದಕ್ಕೆ ಪಡೆದುಕೊಂಡೆ. ಸೌದೆ, ಗ್ಯಾಸು, ಬೀಜ ಎಲ್ಲ ಸೇರಿ ಮೂರು ವರ್ಷಗಳಲ್ಲಿ ಐದಾರು ಸಾವಿರ ರೂಪಾಯಿ ಹೋಗಿರಬೇಕು.

ಈಗ ಬೀಜವನ್ನು ಬೂದಿ ಹಾಕಿ ಉಜ್ಜಿ ತೊಳೆದು, ಏಪ್ರಿಲ್ ಬಿಸಿಲಿನಲ್ಲಿಯೇ ಒಣಗಿಸಿ ಮುಗಿಸುತ್ತೇನೆ. ಸಿಪ್ಪೆ ಒಡೆದು ತೆಗೆದ ತಿರುಳನ್ನು ಕಡೆಯುವ ಕಲ್ಲಿನಲ್ಲಿ ನುಣ್ಣಗೆ ಅರೆದು, ಸ್ಟೀಲ್ ಪಾತ್ರೆಯಲ್ಲಿ ನೀರಿನೊಂದಿಗೆ, ಮೇಲ್ಮೈ ಮಿಸುಕುವಷ್ಟೇ ಉರಿಯಲ್ಲಿ ಐದು ತಾಸು ಇಡುತ್ತೇನೆ. ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ಮೇಲೆ ಬಿಲ್ಲೆಯಾಗಿ ಗಟ್ಟಿಯಾಗಿರುತ್ತದೆ. ಅದನ್ನು ಎತ್ತಿ, ಬೆಣ್ಣೆ ಕಾಯಿಸುವಂತೆ ಚಟಚಟ ಶಬ್ದ ನಿಲ್ಲುವ ತನಕ ಕಾಯಿಸಿ, ಮಲ್ ಬಟ್ಟೆಯಲ್ಲಿ ಸೋಸಿ, ಒಣಗಿದ ಗೆರಟೆಗೆ (ತೆಂಗಿನ ಚಿಪ್ಪಿಗೆ) ಹೊಯ್ಯುತ್ತೇನೆ. ಅರೆಯುವಾಗ ನಾನು ಸೇರಿಸುವ ಒಂದು ಪದಾರ್ಥವಿದೆ; ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಕಳೆದ ಸಲ 10 ಕಿಲೋ ಒಣ ಬೀಜಕ್ಕೆ ಹತ್ತಿರ ಹತ್ತಿರ ಒಂದೂವರೆ ಕಿಲೋ ತುಪ್ಪ ಬಂತು. ಗಾಣವಿಲ್ಲದೆ ಇಷ್ಟು ತೆಗೆದವರನ್ನು ನಾನಂತೂ ಕಂಡಿಲ್ಲ.

ಈ ತುಪ್ಪ ಕರಗಲು 40 ಡಿಗ್ರಿಯಷ್ಟು ಬಿಸಿ ಬೇಕಾಗುವುದರಿಂದ ನಮ್ಮ ಸೆಕೆಯಲ್ಲಿಯೂ ಗಟ್ಟಿಯಾಗಿರುತ್ತದೆ. ಒಡಕಿನಿಂದ ಜಾರದೆ, ಚರ್ಮದ ತೇವ ಆರದಂತೆ ತಡೆಯುತ್ತದೆ. ಹಚ್ಚಲು ಸುಲಭವಾಗಲೆಂದು ಅರ್ಧಕ್ಕರ್ಧ ತೆಂಗಿನೆಣ್ಣೆ ಬೆರೆಸಿದಾಗ ತೀರಾ ಮೆತ್ತಗಾಯಿತು, ಮೂರು ಪಾಲು ತುಪ್ಪಕ್ಕೆ ಒಂದು ಪಾಲು ಎಣ್ಣೆ ಹದವಾಗಿದೆ. ಜೇನುಮೇಣ ಸೇರಿಸಿದರೆ ಕಲ್ಲಿನಂತಾಗುತ್ತದೆ. ಅರಸಿನ ಹಾಕಿದ್ದಕ್ಕೆ ಮನೆಯ ಹಾಸಿಗೆ ಬಟ್ಟೆಗಳೆಲ್ಲ ಕಲೆಯಾದವು. ಒಡೆದ ತುಟಿಗೆ ಮಾತ್ರ ಎರಡೇ ದಿನದಲ್ಲಿ ಗುಣ ಕಂಡಿದೆ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವವರ ಬೆರಳ ಸಂದಿನ ಕೆಸರು ಹುಣ್ಣಿಗೂ ಒಮ್ಮೆ ಕೊಟ್ಟು ನೋಡಿದೆ. ಅದು ಒಣಗಬೇಕಾದ ಹುಣ್ಣು, ತುಪ್ಪದ ಜಿಡ್ಡಿಗೆ ಇನ್ನಷ್ಟು ಕೆರಳಿತು. ಅಲ್ಲಿ ಹಚ್ಚಬಾರದು.

ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲಿಟ್ಟು, ಒರೆಸಿದ ಕೂಡಲೇ ಹಚ್ಚಿ ಕಾಲುಚೀಲ ಹಾಕಿಕೊಂಡರೆ ಫಲ ಬೇಗ. ಸಕ್ಕರೆ ಕಾಯಿಲೆಯವರಿಗೆ, ರಕ್ತ ಒಸರುವ ಆಳವಾದ ಒಡಕಿನವರಿಗೆ ನಾನು ತುಪ್ಪ ಕೊಡುವುದಿಲ್ಲ, ಮೊದಲು ವೈದ್ಯರಿಗೆ ತೋರಿಸಿ ಬರಲು ಹೇಳುತ್ತೇನೆ. ಈ ಏಪ್ರಿಲಿಗೆ 25 ಕಿಲೋ ಬೀಜಕ್ಕೆ ಹೇಳಿಟ್ಟಿದ್ದೇನೆ. ಅಷ್ಟಕ್ಕೆ ಸಾಲುವ ದೊಡ್ಡ ಸ್ಟೀಲ್ ಪಾತ್ರೆಯನ್ನು ಇನ್ನು ಹುಡುಕಬೇಕಾಗಿದೆ.