ಏರೋಪ್ಲೇನ್ ಚಿಟ್ಟೆಯ ಮರಿ ಬೇಟೆಯಾಡುವುದನ್ನು ನೋಡಬೇಕೇ?

ಏರೋಪ್ಲೇನ್ ಚಿಟ್ಟೆ ಯಾರಿಗೆ ಗೊತ್ತಿಲ್ಲ? ಆದರೆ ನೀರಿನಡಿ ಬೆಳೆಯುವ ಅದರ ಮರಿಯನ್ನು ನೋಡಿದವರು ಕಡಿಮೆ. ರೆಕ್ಕೆ ಬರುವ ಮೊದಲೇ ಅದು ಪಕ್ಕಾ ಬೇಟೆಗಾರ.

ಮೊದಲು ಹುಡುಕಬೇಕು. ಕೆರೆಯ ಅಂಚು, ನೀರು ನಿಂತ ಗದ್ದೆ, ಮುಚ್ಚಳವಿಲ್ಲದ ಸಿಮೆಂಟ್ ತೊಟ್ಟಿ ಸಾಕು. ಮಕ್ಕಳಿದ್ದರೆ ದೊಡ್ಡವರೂ ಜೊತೆಗಿರಲಿ. ಹಳೆಯ ಜರಡಿಯಿಂದ ತಳದ ಕೆಸರು, ಜೊಂಡಿನ ಬುಡ ಜಾಲಿಸಿ. ಕೆಸರಿನದೇ ಬಣ್ಣ, ಆರು ಕಾಲು, ದೊಡ್ಡ ಕಣ್ಣು, ದಪ್ಪ ಹೊಟ್ಟೆ ಇರುವ ಹುಳು ಸಿಕ್ಕರೆ ಅದೇ. ಬಾಲದಲ್ಲಿ ಮೂರು ಎಲೆಯಂಥ ಗರಿಗಳಿದ್ದು ಮೈ ಸಪೂರವಾಗಿದ್ದರೆ ಅದು ಹತ್ತಿರದ ನೆಂಟ, ಸೂಜಿಯಂಥ ಸಣ್ಣ ಚಿಟ್ಟೆಯ ಮರಿ.

ಬಿಳಿ ಬೋಗುಣಿಗೆ ಅದೇ ಜಾಗದ ನೀರು ಹಾಕಿ. ಕ್ಲೋರಿನ್ ಇರುವ ನಲ್ಲಿ ನೀರು ಬೇಡ. ಒಂದು ಕಡ್ಡಿ, ಚೂರು ಕೆಸರು ಇರಲಿ. ಒಂದು ಬೋಗುಣಿಗೆ ಒಂದೇ ಮರಿ, ಇಲ್ಲದಿದ್ದರೆ ಒಂದನ್ನೊಂದು ತಿಂದುಬಿಡುತ್ತವೆ.

ಈಗ ಭೂತಕನ್ನಡಿ ಹಿಡಿಯಿರಿ. ಚಮಚದಲ್ಲಿ ಮರಿಯನ್ನು ಎತ್ತಿ ಮುಖದ ಕೆಳಗೆ ನೋಡಿ. ಅಲ್ಲಿ ಮಡಚಿಕೊಂಡಿರುವುದೇ ಅದರ ಕೆಳತುಟಿ. ನಮ್ಮ ಮೊಣಕೈಯ ಹಾಗೆ ನಡುವೆ ಕೀಲು, ತುದಿಯಲ್ಲಿ ಇಕ್ಕಳದಂತೆ ಹಿಡಿಯುವ ಎರಡು ಕೊಂಡಿ. ಬೇಟೆಯೆಲ್ಲ ನಿಂತಿರುವುದು ಈ ತುಟಿಯ ಮೇಲೆ. ಹಾಗಾಗಿ ಇಲ್ಲಿ ಅವಸರ ಬೇಡ, ಚೆನ್ನಾಗಿ ನೋಡಿ. ಎತ್ತಿದ್ದನ್ನು ಬೇಗ ನೀರಿಗೆ ಬಿಡಿ. ಅದರ ಕಿವಿರು ಗುದದೊಳಗಿದೆ! ಹಿಂಭಾಗದಿಂದ ನೀರು ಎಳೆದು ಉಸಿರಾಡುತ್ತದೆ. ಹೆದರಿದರೆ ಅದೇ ನೀರನ್ನು ರಭಸವಾಗಿ ಹಿಂದಕ್ಕೆ ಚಿಮ್ಮಿ ಮುಂದೆ ನುಗ್ಗುತ್ತದೆ. ಆಗ ಬಾಲದ ಹಿಂದೆ ಕೆಸರು ಏಳುವುದು ಕಾಣುತ್ತದೆ.

ಅದು ಶಾಂತವಾದ ಮೇಲೆ ಕೆಲವು ಸೊಳ್ಳೆ ಮರಿಗಳನ್ನು ಬಿಡಿ. ಮರಿ ಅಟ್ಟಿಸಿಕೊಂಡು ಹೋಗುವುದಿಲ್ಲ. ಸುಮ್ನೆ ಕೂತಿರುತ್ತದೆ, ಜಾಸ್ತಿ ಅಂದರೆ ಒಂದೆರಡು ಹೆಜ್ಜೆ ಸರಿಯುತ್ತದೆ. ಬೇಟೆ ಹತ್ತಿರ ಬಂದೊಡನೆ ತುಟಿ ಚಾಚಿ, ಕೊಂಡಿಯಲ್ಲಿ ಹಿಡಿದು, ಬಾಯಿಗೆ ಎಳೆದುಕೊಳ್ಳುತ್ತದೆ. ತುಟಿ ಚಾಚಲು ಸೆಕೆಂಡಿನ 20ನೇ ಒಂದು ಭಾಗವೂ ಬೇಕಿಲ್ಲ. ಬರಿಗಣ್ಣಿಗೆ ಸಿಗುವುದು ಕಷ್ಟ, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ದೊಡ್ಡ ಮರಿಗಳು ಗೊದಮೊಟ್ಟೆ, ಚಿಕ್ಕ ಮೀನನ್ನೂ ಹೀಗೇ ಹಿಡಿಯುತ್ತವೆ.

ಸಂಜೆಯೊಳಗೆ ಮರಿಯನ್ನು ತಂದ ಜಾಗಕ್ಕೇ ಬಿಡಿ. ಸೊಳ್ಳೆ ಮರಿ ಉಳಿದಿದ್ದರೆ ಬೋಗುಣಿಯ ನೀರನ್ನು ಒಣ ಮಣ್ಣಿನ ಮೇಲೆ ಚೆಲ್ಲಿ.