ದಸರಾ ರಜೇಲಿ ಮೈಸೂರಲ್ಲೇ ಇದ್ಕೊಂಡು ಮಕ್ಕಳನ್ನ ಸುತ್ತಾಡಿಸೋದು ಹೇಗೆ

ದಸರಾ ರಜೆ ಬಂದ್ರೆ ಊರೂರಿನವರೆಲ್ಲ ಮೈಸೂರಿಗೆ ಬರ್ತಾರೆ, ಇಲ್ಲೇ ಇರೋ ನಾವು ಮಾತ್ರ ಮಕ್ಕಳನ್ನ ಎಲ್ಲಿಗೆ ಕರ್ಕೊಂಡೋಗೋದು ಅಂತ ತಲೆ ಕೆರ್ಕೊಂಡು ಕೂತಿರ್ತೀವಿ. ಎಲ್ಲಿ ನೋಡಿದ್ರೂ ಕ್ಯೂ, ಗಾಡಿ ನಿಲ್ಸೋಕೆ ಜಾಗ ಇಲ್ಲ, ಕೊನೆಗೆ ಮಾಲ್‌ಗೆ ಹೋಗಿ ಪಿಜ್ಜಾ ತಿಂದ್ಕೊಂಡು ಬರೋದು. ಇದಕ್ಕೆ ನಂಗೆ ಗೊತ್ತಿರೋ ಉಪಾಯ ಒಂದೇ, ಹೊರಗಿನವರು ಬರೋ ಹೊತ್ತಿಗೆ ನೀವು ಮನೆಗೆ ವಾಪಸ್ ಬಂದಿರ್ಬೇಕು.

ಮೊದಲು ಕಾರ್ಯಕ್ರಮದ ಪಟ್ಟಿ ಹಿಡ್ಕೊಳಿ. ಪ್ರತಿ ವರ್ಷ ದಸರಾ ಸಮಿತಿಯವರು ಬಿಡ್ತಾರೆ, ಆಂದೋಲನ, ಮೈಸೂರು ಮಿತ್ರದಂಥ ನಮ್ಮೂರ ಪೇಪರಲ್ಲೂ ದಿನಾ ಬರುತ್ತೆ. ಎಲ್ಲರೂ ಯುವ ದಸರಾ ಪಾಸ್ ಹಿಂದೆ ಬಿದ್ದಿರ್ತಾರೆ, ಚಿಕ್ಕ ಮಕ್ಕಳಿಗೆ ಆ ಸೌಂಡು ಯಾಕೆ ಹೇಳಿ. ನೀವು ಮಕ್ಕಳ ದಸರಾ, ರೈತ ದಸರಾ, ದೊಡ್ಡಕೆರೆ ಮೈದಾನದ ಕುಸ್ತಿ, ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ಇವುಗಳಿಗೆ ಗುರುತು ಹಾಕ್ಕೊಳಿ. ಆಹಾರ ಮೇಳಕ್ಕೆ ಹೋಗೋದಾದ್ರೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ, ಕತ್ತಲಾದ್ಮೇಲೆ ಬಂಬೂ ಬಿರಿಯಾನಿ ಕ್ಯೂ ನೋಡಿದ್ರೇನೇ ಹಸಿವು ಹೋಗ್ಬಿಡುತ್ತೆ.

ನನ್ ಕೇಳಿದ್ರೆ ಎಲ್ಲಕ್ಕಿಂತ ಮಜಾ ಇರೋದು ಆನೆ ತಾಲೀಮಿನಲ್ಲಿ. ಜಂಬೂ ಸವಾರಿ ದಿನ ಲಕ್ಷಗಟ್ಟಲೆ ಜನದ ಮಧ್ಯೆ ಮಗುನ ಹೆಗಲ ಮೇಲೆ ಕೂರಿಸ್ಕೊಂಡು ಆನೆ ಬಾಲ ನೋಡೋದಕ್ಕಿಂತ, ಅದೇ ಆನೆಗಳು ಅರಮನೆಯಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪದವರೆಗೆ ನಡೆಯೋದನ್ನ ಒಂದ್ ರೂಪಾಯಿ ಟಿಕೆಟ್ ಇಲ್ದೆ ನೋಡ್ಬಹುದು. ದಾರಿ ಸುಮಾರು 5 ಕಿಲೋಮೀಟರ್ ಇದೆ, ಕೆ.ಆರ್. ಸರ್ಕಲ್ ಹತ್ರ ನಿಲ್ಲೋದು ಬೇಡ, ಆಯುರ್ವೇದ ಕಾಲೇಜು ದಾಟಿ ಬಂಬೂ ಬಜಾರ್ ಕಡೆ ಫುಟ್‌ಪಾತ್ ಮೇಲೆ ನಿಂತ್ಕೊಳಿ. ಬೆಳಗ್ಗೆ ಹೋದ್ರೆ ಒಳ್ಳೇದು. ಚಿನ್ನದ ಅಂಬಾರಿ 750 ಕಿಲೋ ಅಲ್ವಾ, ಅದನ್ನ ಹೊರೋಕೆ ಅಭ್ಯಾಸ ಆಗ್ಲಿ ಅಂತ ಮೊದಮೊದಲು ಬೆನ್ನ ಮೇಲೆ ಮರಳು ಮೂಟೆ ಕಟ್ತಾರೆ, ಆಮೇಲೆ ಮರದ ಅಂಬಾರಿ ಕಟ್ತಾರೆ. ಇವತ್ತು ಏನು ಹೊತ್ಕೊಂಡಿದೆ ನೋಡು ಅಂತ ಮಕ್ಕಳಿಗೇ ಬಿಟ್ಬಿಡಿ, ಮಾವುತ ಕಾಲ್ಬೆರಳಲ್ಲಿ ಆನೆ ಕಿವಿ ಹಿಂದೆ ಒತ್ತಿ ತಿರುಗಿಸೋದೂ ಅವ್ರೇ ಕಂಡುಹಿಡೀತಾರೆ. ಹತ್ರ ಹೋಗಿ ಸೆಲ್ಫಿ ಗಿಲ್ಫಿ ಏನೂ ಬೇಡ.

ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಹತ್ತಿಸ್ತೀನಿ ಅಂತ ಹೊರಟ್ರೆ ಆರು ವರ್ಷದ ಮಗು ನೂರಕ್ಕೇ ಕೂತ್ಬಿಡುತ್ತೆ. ಅದಕ್ಕೆ ಸಿಟಿ ಬಸ್‌ಸ್ಟ್ಯಾಂಡಲ್ಲಿ 201 ಹಿಡಿದು ಮೇಲೆ ಹೋಗಿ, ಇಳೀತಾ ಬನ್ನಿ. ಸುಮಾರು 300 ಮೆಟ್ಟಿಲಿಗೆ ನಂದಿ ಸಿಗುತ್ತೆ, ಅಲ್ಲಿ ಕಡಲೆಕಾಯಿ ತಿಂದು, ಆಗಲ್ಲ ಅಂದ್ರೆ ಅಲ್ಲಿಂದಲೇ ಆಟೋ, ಆಗುತ್ತೆ ಅಂದ್ರೆ ಪಾದದವರೆಗೆ ಇಳೀರಿ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಕೊಂಡು ಹತ್ತುತಿರ್ತಾರೆ, ಅವರಿಗೆ ದಾರಿ ಬಿಡಿ.

ಬಿಸಿಲು ಜಾಸ್ತಿ ಇದ್ರೆ ಅಥವಾ ಮಳೆ ಬಂದ್ರೆ ರೈಲ್ವೆ ಮ್ಯೂಸಿಯಂ, 1979ರಿಂದ ಇದೆ, ಪುಟಾಣಿ ರೈಲು, ಮಹಾರಾಣಿ ಸಲೂನ್ ಬೋಗಿ ಎರಡೂ ನೋಡ್ಬಹುದು. ಝೂ ಬೇಕೇ ಬೇಕು ಅಂತ ಹಟ ಮಾಡಿದ್ರೆ ಬೆಳಗ್ಗೆ ಟಿಕೆಟ್ ಕೌಂಟರ್ ತೆಗೆದ ತಕ್ಷಣ ಹೋಗಿ, ಅಥವಾ ಪಕ್ಕದ ಕಾರಂಜಿ ಕೆರೆಗೆ ಹೋಗಿ, ಬಲೆ ಒಳಗೇ ನಡ್ಕೊಂಡು ಹಕ್ಕಿ ನೋಡ್ಬಹುದು, ದೋಣಿನೂ ಇದೆ. ಎರಡಕ್ಕೂ ಮಂಗಳವಾರ ರಜೆ, ದಸರಾ ಟೈಮಲ್ಲಿ ಅದು ಬದಲಾಗೋದೂ ಉಂಟು, ಹೊರಡೋ ಮುಂಚೆ ಒಂದ್ಸಲ ನೋಡ್ಕೊಳಿ. ರಂಗನತಿಟ್ಟಿಗೆ ಈ ರಜೇಲಿ ಅವಸರ ಬೇಡ, ಹಕ್ಕಿ ಜಾಸ್ತಿ ಇರೋದು ಚಳಿಗಾಲದಿಂದ ಮೇಲೆ, ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟಿದ್ರೆ ದೋಣಿನೂ ನಿಲ್ಲಿಸಿರ್ತಾರೆ. ಬಲಮುರಿ ಎಡಮುರಿಯಲ್ಲಿ ಮಕ್ಕಳನ್ನ ನೀರಿಗೆ ಇಳಿಸೋದಂತೂ ಬೇಡವೇ ಬೇಡ.

ಸಂಜೆಗೆ ಎಲ್ಲೂ ಹೋಗ್ಬೇಕಾಗಿಲ್ಲ, ನಿಮ್ ಬೀದೀಲೇ ಗೊಂಬೆ ಕೂರಿಸಿರೋ ಮನೆ ಇರುತ್ತೆ. ಮಕ್ಕಳನ್ನ ಗುಂಪು ಮಾಡಿ ಕಳಿಸಿ, "ಆಂಟೀ, ಗೊಂಬೆ ಕೂರ್ಸಿದೀರಾ?" ಅಂತ ಕೇಳ್ಕೊಂಡು ಹೋದ್ರೆ ಯಾರೂ ಬರಬೇಡಿ ಅನ್ನಲ್ಲ. ಪಟ್ಟದ ಗೊಂಬೆ, ರಾಗಿ ಪೈರಿನ ಹೊಲ, ಥರ್ಮಾಕೋಲ್ ಬೆಟ್ಟ, ಒಂದೊಂದು ಮನೇಲಿ ಕ್ರಿಕೆಟ್ ಟೀಮೇ ನಿಂತಿರುತ್ತೆ. ಬರೋವಾಗ ಎರಡೂ ಕೈ ತುಂಬ ಚರ್ಪು, ಅಂದ್ರೆ ಗೊಂಬೆ ನೋಡೋಕೆ ಬಂದ ಮಕ್ಕಳಿಗೆ ಕೊಡೋ ತಿಂಡಿ, ಕೋಡುಬಳೆ, ಕೊಬ್ಬರಿ ಮಿಠಾಯಿ. ರಾತ್ರಿ ಊಟಕ್ಕೆ ಕರೆದ್ರೆ ಮಾತ್ರ ಬರಲ್ಲ.

ಲೈಟಿಂಗ್ ನೋಡೋಕೆ ಕಾರ್ ತಗೊಂಡು ಹೋಗ್ಬೇಡಿ, ಅಂಬಾರಿ ಡಬಲ್ ಡೆಕ್ಕರ್ ಬಸ್ಸಲ್ಲಿ ಮೇಲಿನ ಸೀಟು ಮೊದಲೇ ಬುಕ್ ಮಾಡಿ. ವಸ್ತುಪ್ರದರ್ಶನ ದಸರಾ ಮುಗಿದ್ಮೇಲೂ ಬಹಳ ದಿನ ಇರುತ್ತೆ, ಜೈಂಟ್ ವ್ಹೀಲು, ಹಪ್ಪಳ, ಗೋಬಿ ಎಲ್ಲಾ ಆಗ್ಲೂ ಸಿಗುತ್ತೆ, ಸ್ಕೂಲ್ ಶುರುವಾದ್ಮೇಲೆ ಯಾವ್ದಾದ್ರೂ ವಾರದ ದಿನ ಸಂಜೆ ಕರ್ಕೊಂಡೋಗಿ.