ದುಬೈಗೆ ಹೊರಟವರು ವಾಪಸ್ ಬರುವ ಲೆಕ್ಕವನ್ನೂ ಈಗಲೇ ಹಾಕಬೇಕು: ಬಳ್ಳಾರಿ, ರಾಯಚೂರು, ಕೊಪ್ಪಳದ ಹೊಸಬರಿಗೆ

ಯುಎಇಯಲ್ಲಿ ನಿಮ್ಮ ವೀಸಾ ನಿಮ್ಮ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಹೋಯಿತೆಂದರೆ ವೀಸಾನೂ ಹೋಯಿತು. ಮೂವತ್ತು ವರ್ಷ ದುಡಿದರೂ ನಮ್ಮಂಥವರಿಗೆ ಸರ್ಕಾರಿ ಪಿಂಚಣಿ ಇಲ್ಲ, ಪೌರತ್ವದ ಮಾತಂತೂ ಇಲ್ಲವೇ ಇಲ್ಲ. ತೋರಣಗಲ್ಲಿನಲ್ಲಿ ವೆಲ್ಡಿಂಗ್ ಕಲಿತು ಬರುವವರಿಗೂ, ಸಿಂಧನೂರಿನಿಂದ ಲೆಕ್ಕಪತ್ರದ ಕೆಲಸಕ್ಕೆ ಬರುವವರಿಗೂ, ಗಂಗಾವತಿಯಿಂದ ನರ್ಸ್ ಆಗಿ ಬರುವವರಿಗೂ ಇದು ಒಂದೇ. ಹಾಗಾಗಿ ಕೆಳಗೆ ಹೇಳಿರುವ ಒಂದೊಂದು ಕಾಗದವನ್ನೂ "ನಾನು ಊರಿಗೆ ಮರಳುವ ದಿನ ಇದು ಯಾವ ಉಪಯೋಗಕ್ಕೆ ಬರುತ್ತದೆ" ಎಂದು ಕೇಳಿಕೊಂಡೇ ನೋಡಿ.

ಊರು ಬಿಡುವ ಮುಂಚೆ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಇಸಿಆರ್ (ವಲಸೆ ಅನುಮತಿ ಬೇಕು ಎಂಬ) ಮುದ್ರೆ ಬೀಳುತ್ತದೆ. ಅಂಥವರು ಯುಎಇ, ಸೌದಿ, ಕತಾರ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್ ಮೂಲಕ ವಲಸೆ ಅನುಮತಿ ಪಡೆಯಲೇಬೇಕು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೂ ಮಾರ್ಕ್ಸ್ ಕಾರ್ಡ್ ಕೊಡದೆ ಪಾಸ್‌ಪೋರ್ಟ್ ಮಾಡಿಸಿದ್ದರೆ ಇಸಿಆರ್ ಆಗಿಯೇ ಉಳಿದಿರುತ್ತದೆ, ಮೊದಲು ಅದನ್ನು ತಿದ್ದಿಸಿ. ಅನುಮತಿಯ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಬರುತ್ತದೆ: ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ.

ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಒಂದೂವರೆ, ಎರಡು ಲಕ್ಷ ಕೇಳಿ "ವಿಸಿಟ್ ವೀಸಾದ ಮೇಲೆ ಹೋಗು, ಅಲ್ಲಿ ಕೆಲಸದ ವೀಸಾ ಮಾಡಿಸೋಣ" ಎನ್ನುವವನು ವಲಸೆ ಅನುಮತಿಯನ್ನೇ ತಪ್ಪಿಸುತ್ತಿದ್ದಾನೆ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ. ಸಂಬಳ ಸಿಗದಿದ್ದರೂ ದೂರು ಕೊಡಲು ನಿಮ್ಮ ಹತ್ತಿರ ಕರಾರೇ ಇರುವುದಿಲ್ಲ.

ನಮ್ಮ ಕಡೆಯವರಿಗೆ ಹೆಸರಿನದೊಂದು ತಕರಾರು ತಪ್ಪಿದ್ದಲ್ಲ. ಪಾಸ್‌ಪೋರ್ಟ್‌ನಲ್ಲಿ ಬರೀ "ಬಸವರಾಜ" ಎಂದಿದ್ದು ಅಡ್ಡಹೆಸರಿನ ಜಾಗ ಖಾಲಿ ಇದ್ದರೆ, 2022ರ ನವೆಂಬರ್‌ನಿಂದ ಅಂಥ ಒಂಟಿ ಹೆಸರಿಗೆ ಯುಎಇ ಪ್ರವಾಸಿ ವೀಸಾ ಸಿಗುವುದು ಕಷ್ಟ. ನಾಳೆ ಅಪ್ಪ-ಅವ್ವನನ್ನು ಕರೆಸುವಾಗ ಇದು ಕಾಡುತ್ತದೆ. ಅವರ ಪಾಸ್‌ಪೋರ್ಟ್ ಮಾಡಿಸುವಾಗಲೇ ಅಡ್ಡಹೆಸರನ್ನೋ ತಂದೆಯ ಹೆಸರನ್ನೋ ಸೇರಿಸಿಬಿಡಿ. ಆಧಾರ್, ಪ್ಯಾನ್, ಪಹಣಿ ಎಲ್ಲದರಲ್ಲೂ ಅದೇ ಅಕ್ಷರ ಇರಲಿ.

ಡಿಗ್ರಿ ಬೇಕಾದ ಹುದ್ದೆಯಾದರೆ ಪ್ರಮಾಣಪತ್ರದ ದೃಢೀಕರಣ ಆಗಬೇಕು. ಮೊದಲು ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆ. ಮದುವೆ ಪ್ರಮಾಣಪತ್ರ, ಮಕ್ಕಳ ಜನನ ಪತ್ರಕ್ಕೂ ಇದೇ ದಾರಿ. ಇವಿಲ್ಲದೆ ಹೆಂಡತಿ-ಮಕ್ಕಳ ವೀಸಾ ಆಗದು. ದೇವಸ್ಥಾನದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದೆ ಬಿಟ್ಟವರು ಹೊರಡುವ ಮುಂಚೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿಬನ್ನಿ.

ಚೀಲ ಕಟ್ಟುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿಗೆ ತೊಂದರೆ ಇಲ್ಲ. ಗಸಗಸೆ ಮಾತ್ರ ಒಂದು ಚಿಟಿಕೆಯೂ ಬೇಡ, ಅಲ್ಲಿ ಅದು ಮಾದಕವಸ್ತುವಿನ ಪಟ್ಟಿಯಲ್ಲಿದೆ. ಅವ್ವ ಮಸಾಲೆ ಪುಡಿಗೆ ಗಸಗಸೆ ಹಾಕಿ ಹುರಿದಿದ್ದಾಳೋ ಕೇಳಿಕೊಳ್ಳಿ. ವೀಳ್ಯದೆಲೆ, ಪಾನ್ ಕೂಡ ನಿಷೇಧ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್, ನಿದ್ದೆ ಮಾತ್ರೆಗಳಿಗೆ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ಡಾಕ್ಟರ್ ಚೀಟಿ ಒಂದೇ ಸಾಲದು.

ಆಫರ್ ಲೆಟರ್‌ನಲ್ಲಿ ನೋಡಬೇಕಾದ ಅಂಕಿ

ಎಲ್ಲರೂ ಒಟ್ಟು ಸಂಬಳ ನೋಡಿ ಸಹಿ ಹಾಕುತ್ತಾರೆ. ನೋಡಬೇಕಾದ್ದು ಮೂಲ ವೇತನ. ಪಿಂಚಣಿ ಇಲ್ಲದ ಕಡೆ ನಿಮ್ಮ ಕೈಗೆ ಬರುವ ಇಡಿಗಂಟು ಗ್ರಾಚ್ಯುಟಿ ಒಂದೇ, ಅದರ ಲೆಕ್ಕ ಮೂಲ ವೇತನದ ಮೇಲೆ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನ ಪ್ರಕಾರ, ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷ ತಲಾ 21 ದಿನದ ಮೂಲ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಒಟ್ಟು ಎರಡು ವರ್ಷದ ವೇತನ ಮೀರುವಂತಿಲ್ಲ. ಸಂಬಳವಿಲ್ಲದ ರಜೆ ಲೆಕ್ಕಕ್ಕೆ ಸೇರದು.

ತಿಂಗಳಿಗೆ 4,000 ದಿರ್ಹಮ್, ಅದರಲ್ಲಿ ಮೂಲ 2,000, ಎಂಟು ವರ್ಷ ದುಡಿದಿದ್ದೀರಿ ಎನ್ನಿ. 105 ದಿನ ಮತ್ತು 90 ದಿನ ಕೂಡಿ 195 ದಿನ, ಅಂದರೆ ಆರೂವರೆ ತಿಂಗಳು. ಬರುವುದು 13,000 ದಿರ್ಹಮ್. ಅದೇ 4,000ದಲ್ಲಿ ಮೂಲ 3,000 ಇದ್ದಿದ್ದರೆ 19,500. ಕಂಪನಿಗಳು ಮೂಲವನ್ನು ಇಳಿಸಿ ಭತ್ಯೆ ಏರಿಸುವುದು ಯಾಕೆಂದು ಬೇರೆ ಹೇಳಬೇಕಿಲ್ಲ. ಸಂಬಳ ಹೆಚ್ಚಿಸುವಾಗಲೂ ಎಷ್ಟು ಹೆಚ್ಚಾಯಿತು ಎನ್ನುವುದಕ್ಕಿಂತ ಎಲ್ಲಿ ಹೆಚ್ಚಾಯಿತು ನೋಡಿ. ಡಿಐಎಫ್‌ಸಿಯಂಥ ಹಣಕಾಸು ವಲಯದಲ್ಲೂ, ಮನೆಗೆಲಸದವರಿಗೂ ಕಾನೂನು ಬೇರೆ.

ಹೋದ ಮೇಲೆ

ವೀಸಾದ ಖರ್ಚು, ನೇಮಕದ ಖರ್ಚು ಮಾಲೀಕನದೇ, ಸಂಬಳದಲ್ಲಿ ಮುರಿಯುವಂತಿಲ್ಲ. ಅವನು ನಿಮ್ಮ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದೂ ಕಾನೂನುಬಾಹಿರ. ಕೆಲಸ ಕಳೆದುಕೊಂಡಾಗಿನ ವಿಮೆ 2023ರಿಂದ ಕಡ್ಡಾಯ. ಮೂಲ ವೇತನ 16,000ದೊಳಗಿನವರಿಗೆ ತಿಂಗಳಿಗೆ 5 ದಿರ್ಹಮ್. ಇದನ್ನು ಕಂಪನಿ ಮಾಡಿಸಿರುತ್ತದೆ ಎಂದು ಕೂರಬೇಡಿ, ಜವಾಬ್ದಾರಿ ನಿಮ್ಮದು, ಮಾಡಿಸದಿದ್ದರೆ 400 ದಿರ್ಹಮ್ ದಂಡ. ಹನ್ನೆರಡು ತಿಂಗಳು ಕಟ್ಟಿದವರಿಗೆ, ತಾವಾಗಿ ರಾಜೀನಾಮೆ ಕೊಡದೆ ಕೆಲಸ ಹೋದರೆ, ಮೂಲ ವೇತನದ ಶೇ. 60ರಷ್ಟು ಮೂರು ತಿಂಗಳವರೆಗೆ ಸಿಗುತ್ತದೆ.

"ರಾಯಚೂರು ಬಿಸಿಲು ಕಂಡವರಿಗೆ ಇದ್ಯಾವ ಬಿಸಿಲು" ಎನ್ನುವವರು ಆಗಸ್ಟ್‌ನಲ್ಲಿ ಸುಸ್ತಾಗಿ ಬೀಳುತ್ತಾರೆ. ನಮ್ಮದು ಒಣ ಬಿಸಿಲು, ಬೆವರು ಆರಿ ಮೈ ತಂಪಾಗುತ್ತದೆ. ಅಲ್ಲಿ ಕಡಲ ತೇವಕ್ಕೆ ಬೆವರು ಆರುವುದೇ ಇಲ್ಲ, ಒಳಗಿನ ಕಾವು ಹೊರಗೆ ಹೋಗದು. ಬರೀ ನೀರು ಕುಡಿದರೆ ಸಾಲದು, ಉಪ್ಪು ಹಾಕಿದ ಮಜ್ಜಿಗೆಯೋ ಓಆರ್‌ಎಸ್ಸೋ ಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ.

ಬಾಡಿಗೆ ಮನೆಗೆ ವರ್ಷದ ಬಾಡಿಗೆಯನ್ನು ಮುಂದಿನ ತಾರೀಕಿನ ಚೆಕ್ಕುಗಳಲ್ಲಿ ಕೊಡುವುದು ರೂಢಿ. ದುಬೈಯಲ್ಲಿ ಸಾಮಾನ್ಯವಾಗಿ ಶೇ. 5 ಠೇವಣಿ, ಶೇ. 5 ದಲ್ಲಾಳಿ, ವಿದ್ಯುತ್-ನೀರಿನ ಠೇವಣಿ ಫ್ಲ್ಯಾಟ್‌ಗೆ 2,000 ದಿರ್ಹಮ್. ಇಜಾರಿ (ದುಬೈ ಸರ್ಕಾರದ ಬಾಡಿಗೆ ಕರಾರು ದಾಖಲೆ) ನೋಂದಣಿ ಆಗದ ಬಾಡಿಗೆ ಕರಾರು ಮನೆಯವರ ವೀಸಾಕ್ಕೆ ನಡೆಯುವುದಿಲ್ಲ. ವಾಟ್ಸಾಪ್‌ನಲ್ಲಿ ಸಂದೇಶ ಹೋಗುತ್ತದೆ, ಕರೆ ಹೋಗದು. ಬೋಟಿಮ್ ಆ್ಯಪನ್ನು ಮನೆಯವರ ಫೋನಿಗೂ ಹಾಕಿಕೊಟ್ಟು ಬನ್ನಿ.

ಬ್ಯಾಂಕು, ಓಟಿಪಿ, ತೆರಿಗೆ

ವಿದೇಶಕ್ಕೆ ಕೆಲಸಕ್ಕೆ ಹೋದ ಮೇಲೆ ಊರಿನ ಮಾಮೂಲಿ ಉಳಿತಾಯ ಖಾತೆಯನ್ನು ಹಾಗೇ ಬಿಡುವಂತಿಲ್ಲ, ಅದನ್ನು ಅನಿವಾಸಿಗಳ ಎನ್‌ಆರ್‌ಓ ಖಾತೆ ಮಾಡಿಸಬೇಕು. ಊರಿನ ಮನೆ ಬಾಡಿಗೆ, ಹೊಲದ ಗುತ್ತಿಗೆ ಹಣ ಅದಕ್ಕೆ ಬರಲಿ. ಅದರ ಬಡ್ಡಿಗೆ ಶೇ. 30 ಮತ್ತು ಸೆಸ್ ಮೊದಲೇ ಮುರಿಯುತ್ತಾರೆ. ದುಬೈ ದುಡ್ಡಿಗೆ ಎನ್‌ಆರ್‌ಇ ಖಾತೆ: ಬಡ್ಡಿಗೆ ತೆರಿಗೆ ಇಲ್ಲ, ಬೇಕಾದಾಗ ಹೊರಗೆ ಒಯ್ಯಬಹುದು. ದುಬೈ ಸಂಬಳವನ್ನು ಎನ್‌ಆರ್‌ಓಗೆ ಹಾಕಿಸಿಕೊಂಡರೆ ಇಲ್ಲದ ತೆರಿಗೆಯನ್ನು ಮೈಮೇಲೆ ಎಳೆದುಕೊಂಡಂತೆ. ಹುಂಡಿಯಲ್ಲಿ, ಅಂದರೆ ಬ್ಯಾಂಕ್ ಬಿಟ್ಟು ಕೈಯಿಂದ ಕೈಗೆ, ಕಳಿಸಿದರೆ ಹತ್ತು ಪೈಸೆ ದರ ಹೆಚ್ಚು ಸಿಗಬಹುದು. ಆದರೆ ನಾಳೆ ಸೈಟ್ ಕೊಳ್ಳುವಾಗ ದುಡ್ಡು ಎಲ್ಲಿಂದ ಬಂತು ಎನ್ನುವುದಕ್ಕೆ ಒಂದು ಚೀಟಿಯೂ ಇರುವುದಿಲ್ಲ.

ಆಧಾರ್‌ಗೆ ಜೋಡಿಸಿದ ಊರಿನ ಸಿಮ್ಮನ್ನು ಸಾಯಲು ಬಿಡಬೇಡಿ. 90 ದಿನ ಬಳಸದ ಪ್ರೀಪೇಯ್ಡ್ ನಂಬರನ್ನು ಕಂಪನಿ ಕಡಿದು ಬೇರೆಯವರಿಗೆ ಕೊಡಬಹುದು. ಹೊರಡುವ ಮುಂಚೆಯೇ ರೋಮಿಂಗ್ ಹಾಕಿಸಿ, ಓಟಿಪಿ ಸಂದೇಶ ಬಂದರೆ ಸಾಕು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅನಿವಾಸಿ ಎಂದು ಬದಲಿಸಿ, ಇಲ್ಲದಿದ್ದರೆ ಆಧಾರ್ ಜೋಡಿಸದ ಪ್ಯಾನ್ ನಿಷ್ಕ್ರಿಯವಾಗುತ್ತದೆ. ಸಣ್ಣ ವಯಸ್ಸಿನವರು ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ತೆರೆಯುವುದು ಒಳ್ಳೆಯದು, ಅನಿವಾಸಿಗಳಿಗೂ ಅವಕಾಶವಿದೆ. ಹಳೆಯ ಪಿಪಿಎಫ್ ಇದ್ದರೆ ಅವಧಿ ಮುಗಿಯುವ ತನಕ ಕಟ್ಟಬಹುದು, ಹೊಸದು ತೆರೆಯುವಂತಿಲ್ಲ.

ಹೊಲ, ಸೈಟು

ನಮ್ಮ ಕಡೆಯವರು ಹೆಚ್ಚು ಕೈ ಸುಟ್ಟುಕೊಳ್ಳುವುದು ಇಲ್ಲಿ. ನಾಲ್ಕು ಕಾಸು ಕೂಡಿದ ಕೂಡಲೇ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎರಡೆಕರೆ ಗದ್ದೆ ಬೇಕೆನಿಸುತ್ತದೆ. 2020ರಲ್ಲಿ ರಾಜ್ಯದ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿಯಾಗಿ ಈಗ ಯಾರು ಬೇಕಾದರೂ ಹೊಲ ಕೊಳ್ಳಬಹುದು ಎಂದು ದಲ್ಲಾಳಿ ಹೇಳುತ್ತಾನೆ. ಅದು ಊರಲ್ಲಿ ಇರುವವರಿಗೆ. ಅನಿವಾಸಿಗೆ ಕೇಂದ್ರದ ಫೆಮಾ (ವಿದೇಶಿ ವಿನಿಮಯ) ಕಾನೂನು ಅಡ್ಡ ಬರುತ್ತದೆ: ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೀವು ಅನಿವಾಸಿಯೋ ಎಂದು ಯಾರೂ ಕೇಳದೆ ನೋಂದಣಿ ಆಗಿಬಿಡಬಹುದು. ಆದರೆ ಸಿಕ್ಕಿಬಿದ್ದರೆ ದಂಡ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು.

ರೆವಿನ್ಯೂ ಸೈಟು ಇನ್ನೂ ಮೋಸದ್ದು. ಲೇಔಟ್ ಎಂದು ಕಲ್ಲು ನೆಟ್ಟು ಮಾರಿದ್ದರೂ ಎನ್‌.ಎ. (ಕೃಷಿಯೇತರ ಪರಿವರ್ತನೆ) ಆಗದ ತನಕ ಕಾಗದದಲ್ಲಿ ಅದು ಹೊಲವೇ. ಅಂದರೆ ನಿಮಗೆ ಫೆಮಾ ತೊಡಕು ಒಂದು ಕಡೆ, ಖಾತೆ ಆಗದ ತೊಡಕು ಇನ್ನೊಂದು ಕಡೆ. ಎನ್‌.ಎ. ಆದೇಶ, ಮಂಜೂರಾದ ನಕ್ಷೆ, ಇ-ಖಾತಾ ಮೂರೂ ಕೈಗೆ ಬಂದ ಮೇಲೆ, ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ ತೆಗೆಸಿ ನೋಡಿ, ಆಮೇಲೆ ಮುಂಗಡ. ಇಂಥ ಸೈಟನ್ನೂ ಕಟ್ಟಿದ ಮನೆಯನ್ನೂ ಅನಿವಾಸಿ ನೇರವಾಗಿ ತನ್ನ ಹೆಸರಿಗೆ ಕೊಳ್ಳಬಹುದು. ಹಣ ಎನ್‌ಆರ್‌ಇ ಅಥವಾ ಎನ್‌ಆರ್‌ಓ ಖಾತೆಯಿಂದಲೇ ಹೋಗಲಿ.

ಅಪ್ಪನ ಹೆಸರಲ್ಲಿ ಹೊಲ ಕೊಳ್ಳುವುದು ಕೆಲವರ ದಾರಿ. ಅಪ್ಪನಿಗೆ ಕಳಿಸಿದ ದುಡ್ಡಿಗೆ ತೆರಿಗೆ ಇಲ್ಲ, ನಿಜ. ಆದರೆ ಅವರು ಉಯಿಲು ಬರೆಯದೆ ತೀರಿಕೊಂಡರೆ ಆ ಹೊಲಕ್ಕೆ ಅವ್ವ, ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಪಾಲುದಾರರು. ದುಬೈ ದುಡ್ಡು ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಪಾಲಿಗೆ ಮನಸ್ಸು ಒಪ್ಪಿದ್ದರೆ ಮಾತ್ರ ಕೊಳ್ಳಿ. ಊರಿಗೆ ಮರಳಿ ನಿವಾಸಿಯಾದ ಮೇಲೆ ನಿಮ್ಮ ಹೆಸರಿಗೇ ಕೊಳ್ಳಬಹುದು, ಅಲ್ಲಿಯ ತನಕ ದುಡ್ಡು ಎಫ್‌ಡಿಯಲ್ಲಿ ಇದ್ದರೆ ಏನೂ ಹಾಳಾಗದು.

ಪಿತ್ರಾರ್ಜಿತ ಹೊಲಕ್ಕೆ ಈ ತಡೆ ಇಲ್ಲ, ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಹಿರಿಯರು ತೀರಿದ ಮೇಲೆ ಪೌತಿ ಖಾತೆಯನ್ನು ಮುಂದಿನ ರಜೆಗೆ ತಳ್ಳಬೇಡಿ. ಪಹಣಿಗೆ ಆಧಾರ್ ಜೋಡಣೆಯನ್ನೂ ಅದೇ ರಜೆಯಲ್ಲಿ ಮುಗಿಸಿ. ಬರಲಾಗದಿದ್ದರೆ ದುಬೈಯ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿದ ಮುಖ್ತ್ಯಾರ್ ಪತ್ರ ಕಳಿಸಿ. ಅದು ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟದಿದ್ದರೆ ದಂಡ ಬೀಳುತ್ತದೆ. ಎಲ್ಲಕ್ಕೂ ಅಧಿಕಾರ ಕೊಡುವ ಜಿಪಿಎ ಬೇಡ, ಸ್ವಂತ ತಮ್ಮನಿಗಾದರೂ ಸರಿ. ಯಾವ ಸರ್ವೆ ನಂಬರು, ಯಾವ ಕೆಲಸ ಎಂದು ಬರೆದ ವಿಶೇಷ ಮುಖ್ತ್ಯಾರ್ ಸಾಕು.

ಅಲ್ಲೇ ಉಳಿಯಬಹುದೇ?

55 ದಾಟಿದವರಿಗೆ ಐದು ವರ್ಷದ ನಿವೃತ್ತಿ ವೀಸಾ ಇದೆ. ಜೊತೆಗೆ 10 ಲಕ್ಷ ದಿರ್ಹಮ್ ಆಸ್ತಿ, ಇಲ್ಲವೇ ಅಷ್ಟೇ ಉಳಿತಾಯ, ಇಲ್ಲವೇ ತಿಂಗಳಿಗೆ 20,000 ದಿರ್ಹಮ್ ಆದಾಯ (ದುಬೈಯಲ್ಲಿ 15,000) ಬೇಕು. ಆರೋಗ್ಯ ವಿಮೆಯನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕು, ವಯಸ್ಸಾದಂತೆ ಅದರ ಕಂತು ಏರುತ್ತಲೇ ಇರುತ್ತದೆ. ಸಂಬಳಕ್ಕೆ ದುಡಿಯುವ ಬಹುಪಾಲು ಜನರಿಗೆ ಇದು ಕೈಗೆಟುಕದ ಮಾತು. ಎಟುಕುವವರೂ ಊರಿನ ಆಸ್ಪತ್ರೆ ಖರ್ಚಿನ ಜೊತೆ ಹೋಲಿಸಿ ನೋಡಲಿ.

ಅಲ್ಲಿ ಸತ್ತರೆ ಬ್ಯಾಂಕ್ ಖಾತೆ ಸ್ಥಗಿತವಾಗುತ್ತದೆ, ವಾರಸುದಾರರ ಬಗ್ಗೆ ಕೋರ್ಟಿನ ಆದೇಶ ಬರುವ ತನಕ ಹೆಂಡತಿಗೂ ಹಣ ಸಿಗದು. 2023ರ ಫೆಬ್ರವರಿಯಿಂದ ಮುಸ್ಲಿಮೇತರರಿಗೆ ಬೇರೆ ಕಾನೂನಿದೆ: ಉಯಿಲು ಇಲ್ಲದಿದ್ದರೆ ಅರ್ಧ ಗಂಡ ಅಥವಾ ಹೆಂಡತಿಗೆ, ಅರ್ಧ ಮಕ್ಕಳಿಗೆ. ಅಪ್ಪ-ಅವ್ವನಿಗೂ ಪಾಲು ಹೋಗಬೇಕೆಂದರೆ ಉಯಿಲು ನೋಂದಾಯಿಸಿ. ಹೆಂಡತಿ ಹೆಸರಲ್ಲಿ ಒಂದು ಪ್ರತ್ಯೇಕ ಖಾತೆ, ಅದರಲ್ಲಿ ಮೂರು ತಿಂಗಳ ಖರ್ಚು ಯಾವಾಗಲೂ ಇರಲಿ. ಸಂಕಷ್ಟದಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರು 800 46342.

ಮರಳುವ ವರ್ಷ

ಎಷ್ಟೋ ವರ್ಷ ಹೊರಗಿದ್ದು ಬಂದವರಿಗೆ ಆದಾಯ ತೆರಿಗೆಯಲ್ಲಿ ಆರ್‌ಎನ್‌ಓಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ) ಎಂಬ ಸ್ಥಿತಿ ಎರಡು, ಮೂರು ವರ್ಷ ಸಿಗುತ್ತದೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿ ಇದ್ದದ್ದು 729 ದಿನ ಮೀರದಿದ್ದರೆ ಸಾಕು. ಆ ಅವಧಿಯಲ್ಲಿ ಅಲ್ಲಿನ ಬ್ಯಾಂಕಿನ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಪಾಸ್‌ಪೋರ್ಟಿನ ಮುದ್ರೆಗಳ ಪ್ರತಿ ಇಟ್ಟುಕೊಳ್ಳಿ, ದಿನಗಳ ಲೆಕ್ಕಕ್ಕೆ ಅದೇ ಆಧಾರ. ಎನ್‌ಆರ್‌ಇ ಖಾತೆಯನ್ನು ಮಾತ್ರ ಬಂದ ಕೂಡಲೇ ನಿವಾಸಿ ಖಾತೆಯಾಗಿಯೋ ಆರ್‌ಎಫ್‌ಸಿ (ನಿವಾಸಿಗಳ ವಿದೇಶಿ ಕರೆನ್ಸಿ) ಖಾತೆಯಾಗಿಯೋ ಬದಲಿಸಬೇಕು, ನಿವಾಸಿ ಖಾತೆ ಮಾಡಿಸಿದರೆ ಅಲ್ಲಿಂದ ಮುಂದೆ ಅದರ ಬಡ್ಡಿಗೆ ತೆರಿಗೆ.

ಅಲ್ಲಿ ಕ್ರೆಡಿಟ್ ಕಾರ್ಡು, ಸಾಲ ಎಲ್ಲ ಮುಚ್ಚಿ ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ ತೆಗೆದುಕೊಳ್ಳಿ. ಸಾಲ ಉಳಿಸಿ ಬಂದವರು ಮುಂದೆ ಮಗಳನ್ನು ನೋಡಲು ಹೋದಾಗ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದದ್ದಿದೆ. ಬಾಡಿಗೆಗೆ ಕೊಟ್ಟ ಉಳಿದ ಚೆಕ್ಕುಗಳನ್ನು ಕೈಗೆ ವಾಪಸ್ ಪಡೆಯಿರಿ.

ಬಾಕಿಯೆಲ್ಲ ಕೆಲಸ ಮುಗಿದ 14 ದಿನದೊಳಗೆ ಕೊಡಬೇಕೆಂದು ಕಾನೂನು. ವೀಸಾ ರದ್ದು ಮಾಡುವ ಅರ್ಜಿಯಲ್ಲಿ "ನನಗೆ ಬರಬೇಕಾದ್ದೆಲ್ಲ ಬಂದಿದೆ" ಎಂಬ ಸಾಲು ಇರುತ್ತದೆ. ಟಿಕೆಟ್ ಕೈಗಿಟ್ಟು, "ಗ್ರಾಚ್ಯುಟಿ ಮುಂದಿನ ವಾರ ಖಾತೆಗೆ ಹಾಕುತ್ತೇವೆ" ಎಂದು ಅದಕ್ಕೆ ಸಹಿ ಮಾಡಿಸಿಕೊಳ್ಳುವುದು ಹಳೆಯ ಚಾಳಿ. ಹಣ ಖಾತೆಯಲ್ಲಿ ಕಂಡ ಮೇಲೆ ಸಹಿ ಮಾಡಿ. ಕೊಡದಿದ್ದರೆ ಮಾನವ ಸಂಪನ್ಮೂಲ ಸಚಿವಾಲಯಕ್ಕೆ ದೂರು ಕೊಡಬಹುದು. 50,000 ದಿರ್ಹಮ್‌ವರೆಗಿನ ತಕರಾರನ್ನು ಅವರೇ ತೀರ್ಮಾನಿಸುತ್ತಾರೆ. ಕೆಲಸ ಬಿಟ್ಟ ದಿನದಿಂದ ಎರಡು ವರ್ಷದೊಳಗೆ ಕೇಳಿದರೆ ಹಕ್ಕು ಉಳಿಯುತ್ತದೆ.